ನೀರು ಹೋಗುವ ಕಂಡಿ

ಡಾಕ್ಟರು ಹೆಬ್ಬೆರಳಿನಿಂದ ಒತ್ತಿದಲ್ಲಿ ಚೆನ್ನಿಯ ಬೆನ್ನಿನ ಚಿಪ್ಪು ತಗ್ಗಿತು. ಬೆರಳು ತೆಗೆದ ಮೇಲೆ, ನೆನೆದ ಅಡಿಕೆ ಹಾಳೆಯ ಹಾಗೆ, ನಿಧಾನಕ್ಕೆ ಮೇಲೆದ್ದಿತು. ಮನೋರಮಾ ನೋಡಲಾರದೆ ಕಿಟಕಿಯ ಕಡೆಗೆ ತಿರುಗಿದಳು. ಮೂಡಬಿದ್ರೆಯ ದನದ ಆಸ್ಪತ್ರೆಯ ಹೊರಗೆ ಎಮ್ಮೆಯೊಂದು ಹಗ್ಗ ಜಗ್ಗುತ್ತ ನಿಂತಿತ್ತು. ಆಮೆ ಹಿಡಿದುಕೊಂಡು ಬಂದವರು ಅಪ್ಪ ಮಗಳು ಇಬ್ಬರೇ.

"ತಿನ್ನೋದಕ್ಕೆ ಏನು ಹಾಕ್ತೀರಿ ಸಾರ್?" ಡಾಕ್ಟರು ಕೇಳಿದರು. ಘಟ್ಟದ ಮೇಲಿಂದ ಹೊಸದಾಗಿ ಬಂದಿದ್ದ ಎಳೆಯ ಮನುಷ್ಯ.

ನಾರಾಯಣಮೂರ್ತಿ ಮಾಸ್ತರರು ಈ ಪ್ರಶ್ನೆಗೇ ಕಾದಿದ್ದವರಂತೆ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಸರಿಮಾಡಿಕೊಂಡರು. "ನಮ್ಮದು ಬೇರೆ ಆಮೆಗಳ ಹಾಗಲ್ಲ. ದೇವರಿಗೆ ನೈವೇದ್ಯವಾದ ಅನ್ನ, ಬಾಳೆಹಣ್ಣು, ದಾಸವಾಳದ ಎಲೆ. ಒಂದು ಹುಳ ಮುಟ್ಟಿದ್ದನ್ನು ನಾನು ಕಂಡವನಲ್ಲ. ಮೂವತ್ತು ವರ್ಷದಿಂದ ಶುದ್ಧ ಸಾತ್ವಿಕ ಆಹಾರ."

"ಮೂವತ್ತು ವರ್ಷವೂ ಹೀಗೇ ಮೆತ್ತಗಿತ್ತಾ?"

"ಎಂತ ಮಾತು! ಕಲ್ಲು. ಇವಳು ಸಣ್ಣವಳಿರುವಾಗ ಅದರ ಬೆನ್ನು ಹತ್ತಿ ನಿಲ್ತಿದ್ದಳು."

"ಹಾಗಾದ್ರೆ ಆಗೆಲ್ಲ ಅದಕ್ಕೆ ಕ್ಯಾಲ್ಸಿಯಂ ಎಲ್ಲಿಂದ ಸಿಗ್ತಿತ್ತು?"

"ಎಲ್ಲಿಂದ ಅಂದರೆ? ದೇವರ ಪ್ರಸಾದದಿಂದ."

ಡಾಕ್ಟರು ಕೈ ತೊಳೆದುಕೊಂಡರು. ಬೆಳಗಿನ ಬಿಸಿಲಿಗೆ ಬಿಡಿ, ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿ, ಮೂಳೆ ಪುಡಿ ಸಿಕ್ಕರೆ ಅದೂ ಆದೀತು ಎಂದರು. "ಹಿಂಗಾಲು ಆಗಲೇ ಎಳೀತಾ ಇದೆ, ನೋಡಿ. ಹೀಗೇ ಬಿಟ್ರೆ ದೀಪಾವಳಿವರೆಗೆ ಉಳಿಯೋದು ಕಷ್ಟ."

ಬಸ್ಸು ತಮ್ಮೂರು ತೋಡಾರಿಗೆ ಬಂದು ನಿಲ್ಲುವವರೆಗೆ ಮಾಸ್ತರರು ಹೇಳಿದ್ದು ಒಂದೇ ಮಾತು. "ಮೊಟ್ಟೆಯಂತೆ. ನಮ್ಮ ಅಂಗಳಕ್ಕೆ!"

ಚೆನ್ನಿ ಮನೋರಮಾಳ ಅಮ್ಮನ ತವರಿನಿಂದ ಬಂದದ್ದು. ಬೆಳ್ತಂಗಡಿಯಿಂದಾಚೆ, ಚಾರ್ಮಾಡಿ ಘಾಟಿಯ ಬುಡದ ಊರು ಅದು. ಮದುವೆಯಾದ ವರ್ಷ ಅನ್ನಪೂರ್ಣೇಶ್ವರಿಯಮ್ಮ ತವರಿಗೆ ಹೋದವರು ಬರುವಾಗ ಬುಟ್ಟಿಯಲ್ಲಿ ಎರಡು ಗುಡ್ಡದಾಮೆಗಳನ್ನು ತಂದಿದ್ದರಂತೆ. ದೊಡ್ಡದು ಚೆನ್ನಿ, ಸಣ್ಣದು ಪುಟ್ಟ. ಅಂಗಳದ ಮೂಲೆಯಲ್ಲಿ ಹಂಚು ಹೊದಿಸಿದ ಸಣ್ಣ ಗೂಡು, ಹಗಲಿಡೀ ತಿರುಗಾಟ. ಅಮ್ಮ ತೀರಿಹೋಗಿ ಮೂರು ವರ್ಷವಾಗಿತ್ತು. ಈ ಸಲದ ಆಟಿ ತಿಂಗಳ ಮಳೆಯಲ್ಲಿ ಪುಟ್ಟನೂ ಗೂಡಿನೊಳಗೇ ಸತ್ತಿತ್ತು. ವಯಸ್ಸಾಯಿತು ಎಂದು ಅಪ್ಪ ಅದನ್ನು ಅಮ್ಮನ ಮಲ್ಲಿಗೆ ಗಿಡದ ಬುಡದಲ್ಲಿ ಹೂಳಿಸಿದ್ದರು. ಹೂಳುವಾಗ ಅದರ ಚಿಪ್ಪು ಮೆತ್ತಗಿದ್ದದ್ದು ಮನೋರಮಾಳ ಕೈಗೆ ಗೊತ್ತಾಗಿತ್ತು. ಅವಳು ಹೇಳಿರಲಿಲ್ಲ.

ಹೇಳುವುದು ಅವಳಿಗೆ ಯಾವತ್ತೂ ಕಷ್ಟವೇ. ಬಿ.ಎ. ಮುಗಿಸಿ ಎರಡು ವರ್ಷವಾದರೂ ಬಸ್ಸಿನ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಬೇಕಾದರೆ ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಳ್ಳಬೇಕಿತ್ತು. ಜೋಡಿಸಿ ಮುಗಿಯುವಷ್ಟರಲ್ಲಿ ಇಳಿಯುವ ಜಾಗ ಬಂದುಬಿಡುತ್ತಿತ್ತು.

ಮಾಸ್ತರರು ಮೂವತ್ತೈದು ವರ್ಷ ವಿಜ್ಞಾನ ಕಲಿಸಿದವರು. ಕ್ಯಾಲ್ಸಿಯಂ ಬೇಕು, ಅಷ್ಟೇ ತಾನೆ. ಔಷಧಿ ಅಂಗಡಿಯ ಮಾತ್ರೆ ಅರೆದು ಅನ್ನಕ್ಕೆ ಕಲಸಿದರು. ಚೆನ್ನಿ ಮೂಸಿ ಪಕ್ಕಕ್ಕೆ ಸರಿಯಿತು. ಶಾಲೆಯಿಂದ ಉಳಿದಿದ್ದ ಸೀಮೆಸುಣ್ಣದ ತುಂಡು ಇಟ್ಟರು. ಅದನ್ನು ತುಳಿದುಕೊಂಡು ಹೋಯಿತು. ಮೂರನೆಯ ದಿನ ಬೆಳಿಗ್ಗೆ ಅವರು ಎಲೆ ತಟ್ಟೆಯನ್ನು ಅಂಗಳಕ್ಕೇ ತಂದು ಕೂತು, ವೀಳ್ಯಕ್ಕೆ ಹಚ್ಚುವ ಸುಣ್ಣವನ್ನು ದಾಸವಾಳದ ಎಲೆಗೆ ದಪ್ಪಗೆ ಬಳಿದರು.

"ಇದರಲ್ಲಿ ಇರುವುದು ಅದೇ. ಇವರ ಮೊಟ್ಟೆ ಯಾರಿಗೆ ಬೇಕು?"

ಮನೋರಮಾ ಬಾವಿಕಟ್ಟೆಯ ಹತ್ತಿರ ಬಟ್ಟೆ ಹಿಂಡುತ್ತಿದ್ದಳು. ಅಪ್ಪಾ, ಅದು ಸುಡುತ್ತದೆ, ನಮಗೇ ಜಾಸ್ತಿಯಾದರೆ ನಾಲಿಗೆ ಸುಲಿಯುತ್ತದಲ್ಲ. ವಾಕ್ಯ ಪೂರ್ತಿ ಸಿದ್ಧವಾಗಿತ್ತು. ತುಟಿಗೆ ಬರುವಷ್ಟರಲ್ಲಿ ಚೆನ್ನಿ ಎಲೆಯನ್ನು ಎರಡು ಸಲ ಕಚ್ಚಿ ನುಂಗಿಯಾಗಿತ್ತು. ಮತ್ತೆ ಅದು ಕತ್ತನ್ನು ಒಳಗೆಳೆದುಕೊಂಡಿತು. ಮುಂಗಾಲಿನಿಂದ ಬಾಯಿ ಉಜ್ಜಿತು, ಒಂದೇ ಸಮನೆ ಉಜ್ಜಿತು.

ಮೂರು ದಿನ ಅದು ಬಾಯಿ ಬಿಡಲಿಲ್ಲ. ಮಾಸ್ತರರು ಸೀಯಾಳದ ನೀರನ್ನು ಹತ್ತಿಯಲ್ಲಿ ಅದ್ದಿ ಅದರ ಸುಟ್ಟ ತುಟಿಗೆ ಹಿಂಡುತ್ತ ಅಂಗಳದಲ್ಲೇ ಕೂತರು. ಎಲೆ ತಟ್ಟೆಯನ್ನು ಕಪಾಟಿನ ಮೇಲಿಟ್ಟರು. ಊಟವಾದ ಮೇಲೆ ಕೈ ಅಭ್ಯಾಸಬಲದಿಂದ ಅತ್ತ ಹೋದರೂ ತಟ್ಟೆಯನ್ನು ಇಳಿಸಲಿಲ್ಲ.

ನಾಲ್ಕನೆಯ ದಿನ ಚೆನ್ನಿ ಗೂಡಿನಿಂದ ಹೊರಬಂತು. ಹಿಂಗಾಲುಗಳನ್ನು ಎಳೆಯುತ್ತ, ಅಲ್ಲಲ್ಲಿ ನಿಲ್ಲುತ್ತ, ಅರ್ಧ ಗಂಟೆ ನಡೆದು ಅಂಗಳ ದಾಟಿ ಪಡುಬದಿಯ ಗೋಡೆಗೆ ಹಣೆ ತಾಗಿಸಿ ನಿಂತಿತು. ಯಾವಾಗಲೂ ಹೋಗಿ ನಿಲ್ಲುವುದು ಅಲ್ಲಿಯೇ. ಅಲ್ಲಿ ನೆರಳುಂಟು, ಅದಕ್ಕೆ ಎಂದು ಅಪ್ಪ ಹೇಳುತ್ತಿದ್ದರು. ಆದರೆ ಇವತ್ತು ಗೋಡೆಯ ಬುಡದಲ್ಲಿ ಬಿಸಿಲೇ ಇತ್ತು.

ಮನೋರಮಾ ಬಗ್ಗಿ ನೋಡಿದಳು. ಕೆಂಪುಕಲ್ಲಿನ ಕೆಳಸಾಲಿನ ಒಂದೇ ಕಲ್ಲಿನ ಮೇಲೆ ಉಗುರಿನ ಗೀರುಗಳು. ಹಳೆಯವು ಕಪ್ಪಾಗಿದ್ದವು, ಹೊಸವು ಹಸಿಯಾಗಿ ಕೆಂಪಗಿದ್ದವು. ಎರಡು ವರ್ಷದ ಗೀರುಗಳು.

ಗೋಡೆಗೂ ಅಷ್ಟೇ ವಯಸ್ಸು. ಅದಕ್ಕೂ ಮೊದಲು ಅಲ್ಲಿ ಇದ್ದದ್ದು ಗೊಬ್ಬರದ ಗಿಡದ ಬೇಲಿ. ಅಮ್ಮನ ವರ್ಷಾಂತಿಕ ಮುಗಿದ ವಾರದಲ್ಲೇ ಆಚೆಮನೆಯ ಶಹರ್ಬಾನುವಿನ ಆಡುಗಳು ಬೇಲಿ ನುಗ್ಗಿ ಬಂದು ಅಮ್ಮನ ಮಲ್ಲಿಗೆ ಗಿಡವನ್ನು ಬುಡದವರೆಗೆ ತಿಂದಿದ್ದವು. ಅಪ್ಪ ಆಚೆಯವರಿಗೆ ಒಂದು ಬಿರುನುಡಿ ಆಡಲಿಲ್ಲ. ತಿಂಗಳೊಳಗೆ ಕೆಂಪುಕಲ್ಲು ತರಿಸಿ, ಮೇಸ್ತ್ರಿ ಭೋಜನನ್ನು ಕರೆಸಿ ಎದೆಯೆತ್ತರಕ್ಕೆ ಗೋಡೆ ಕಟ್ಟಿಸಿದರು. ಮಲ್ಲಿಗೆ ಮತ್ತೆ ಚಿಗುರಿತು.

ಈ ಕಲ್ಲು ಇದ್ದಲ್ಲಿಯೇ ಬೇಲಿಯ ಕಂಡಿ ಇತ್ತು ಎಂದು ಅವಳಿಗೆ ಈಗ ನೆನಪಾಯಿತು. ಸಂಜೆಯಾದರೆ ಅಮ್ಮ ಒಂದು ಚೊಂಬು ನೀರು ಹಿಡಿದು ಇಲ್ಲೇ ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದರು. ಮಲ್ಲಿಗೆಗೆ ನೀರು ಹಾಕಲಿಕ್ಕೆ ಎಂದು ಅವಳು ತಿಳಿದಿದ್ದಳು. ಒಂದು ಗಿಡಕ್ಕೆ ಅಷ್ಟು ಹೊತ್ತು ಯಾಕೆ ಎಂದು ಕೇಳಿರಲಿಲ್ಲ.

ಹಿಂದೆ ಹತ್ತು ಹೆಜ್ಜೆಯಾಗಿದ್ದ ಮನೆಗೆ ಈಗ ಗೇಟು ದಾಟಿ, ರಸ್ತೆಗಿಳಿದು, ಅಬ್ದುಲ್ ರವೂಫನ ಅಂಗಡಿಯನ್ನು ಬಳಸಿ, ಓಣಿ ಹಿಡಿದು ಹೋಗಬೇಕು. ಅಪ್ಪ ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಮನೋರಮಾ ಹೊರಟಳು. ದಾರಿಯುದ್ದ ವಾಕ್ಯ ಜೋಡಿಸಿದಳು. ಬಾನಕ್ಕ, ನಿಮ್ಮಲ್ಲಿ ಒಂದು ವಿಷಯ ಕೇಳಲಿಕ್ಕೆ ಬಂದದ್ದು, ತಪ್ಪು ತಿಳಿಯಬಾರದು...

ಶಹರ್ಬಾನು ಹಿತ್ತಿಲಿನಲ್ಲಿ ಹೊಳೆಯಿಂದ ತಂದ ಮರುವಾಯಿ ಚಿಪ್ಪುಗಳನ್ನು ಕತ್ತಿಯಿಂದ ಬಿಡಿಸುತ್ತ ಕೂತಿದ್ದಳು. ಗಂಡ ಅಬ್ದುಲ್ ಶುಕೂರ್ ದುಬೈಯಲ್ಲಿ. ಮನೆಯಲ್ಲಿ ಅವಳು, ಮಲಗಿದಲ್ಲೇ ಇರುವ ಅತ್ತೆ, ಹತ್ತು ಕೋಳಿ, ನಾಲ್ಕು ಆಡು.

"ಯಾರಿದು, ಮಾಸ್ಟ್ರ ಮಗಳಾ?" ಅವಳು ಕತ್ತಿ ಹಿಡಿದೇ ನಕ್ಕಳು. "ಗೋಡೆ ಹಾರಿ ಬಂದದ್ದೋ, ದಾರಿ ತಪ್ಪಿದ್ದೋ?"

ಜೋಡಿಸಿದ ವಾಕ್ಯವೆಲ್ಲ ಎಲ್ಲಿಗೋ ಹೋಯಿತು. "ಚೆನ್ನಿ ಸಾಯ್ತದೆ ಬಾನಕ್ಕ," ಎಂದಳು ಮನೋರಮಾ.

ಶಹರ್ಬಾನು ಕತ್ತಿಯನ್ನು ಕೆಳಗಿಟ್ಟಳು. "ಯಾರು, ಆ ಕಳ್ಳಿಯಾ? ಎಂತ ಆಯ್ತು ಅದಕ್ಕೆ?"

ಮನೋರಮಾ ತುಂಡು ತುಂಡಾಗಿ ಹೇಳಿದಳು. ಚಿಪ್ಪು ಮೆತ್ತಗಾದದ್ದು, ಡಾಕ್ಟರು ಹೇಳಿದ್ದು, ಸುಣ್ಣ. ಶಹರ್ಬಾನು ಕೇಳುತ್ತ ಕೇಳುತ್ತ ತಲೆಯ ಬಟ್ಟೆಯ ತುದಿಯಿಂದ ಬಾಯಿ ಮುಚ್ಚಿಕೊಂಡಳು.

"ಅದರ ಗಂಡ? ಆ ಸಣ್ಣವ?"

"ಆಟಿಯಲ್ಲಿ ಹೋಯ್ತು."

"ಅಯ್ಯೋ ಅಲ್ಲಾ... ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಮಾರಾಯ್ತಿ ನಿಂಗೆ? ಗೋಡೆ ಕಟ್ಟಿದ ಮೇಲೆ ನೀವು ಬೇರೆ ಎಂತಾದ್ರೂ ಹಾಕ್ತೀರಿ ಅಂತ ನಾನು ಮಾಡಿದ್ದೆ." ಅವಳು ಎದ್ದು ಮನೋರಮಾಳ ಮಣಿಕಟ್ಟು ಹಿಡಿದಳು. "ಬಾ ಇಲ್ಲಿ. ಅವ್ರು ಊಟ ಮಾಡುವ ಜಾಗ ತೋರಿಸ್ತೇನೆ."

ಬಚ್ಚಲಿನ ಹಿಂದೆ, ಗೋಡೆಯ ಆ ಕಲ್ಲಿನ ನೇರಕ್ಕೆ, ಬೂದಿಯ ಗುಡ್ಡೆಯಿತ್ತು. ಅದರ ಸುತ್ತ ಕೋಳಿಮೊಟ್ಟೆಯ ಸಿಪ್ಪೆಗಳು. ಕೆಸರಾಗಬಾರದೆಂದು ಕಾಲುದಾರಿಗೆ ಹರಡಿದ್ದ ಹಳೆಯ ಮರುವಾಯಿ ಚಿಪ್ಪುಗಳು ಬಿಸಿಲು ಮಳೆಗೆ ಸಿಕ್ಕಿ, ಮೆಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿದ್ದವು.

"ಬೆಳಿಗ್ಗೆ ಹತ್ತು ಗಂಟೆಗೆ ಕಂಡಿ ದಾಟಿದ್ರೆ ಸಂಜೆಯವರೆಗೆ ಇಲ್ಲೇ. ಕರಕರ ಅಂತ ಎಂತ ತಿನ್ನುವುದು! ಗೇರುಬೀಜ ತಿಂದ ಹಾಗೆ. ನನ್ನ ಕೋಳಿಗಳಿಗೇ ಹೆದರಿಕೆ ಅವ್ರನ್ನು ಕಂಡ್ರೆ."

"ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿತ್ತಾ ಅಂತ ಕೇಳ್ತೀಯಲ್ಲ! ಸಂಜೆಗೆ ಕಂಡಿ ಹತ್ರ ಕೂತು 'ಬಾನೂ, ಹೊರಟ್ಲಾ?' ಅಂತ ಕೇಳುವವ್ರು ಯಾರು? ನಾನು 'ಹೊರಟ್ಲು' ಅನ್ನುವುದು. ಒಂದು ಗಳಿಗೆ ಬಿಟ್ಟು ನಾನು ಇಲ್ಲಿಂದ 'ಬಂದ್ಲಾ?' ಕೇಳುವುದು. ಅವ್ರು 'ಬಂದ್ಲು' ಅನ್ನುವುದು. ದಿನಾ ಅದೇ. ಮತ್ತೆ ಚೊಂಬಿನ ನೀರಲ್ಲಿ ಇಬ್ಬರ ಬಾಯಿಯೂ ತೊಳೆದು ಮಾಸ್ಟ್ರ ಎದುರಿಗೆ ಬಿಡುವುದು." ಶಹರ್ಬಾನು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "'ಮಾಸ್ಟ್ರಿಗೆ ಗೊತ್ತಾದ್ರೆ ಇವಳಿಗೆ ಪಂಚಗವ್ಯ ಕುಡಿಸ್ತಾರೆ ಬಾನು' ಅಂತ ಹೇಳುವವ್ರು. ಅಮ್ಮನವ್ರು ಹೋದ ಮೇಲೂ ಒಂದು ವರ್ಷ ನಾನೇ ಬಾಯಿ ತೊಳೆದು ಕಂಡಿಯಿಂದ ದೂಡ್ತಿದ್ದೆ. ಮತ್ತೆ ಗೋಡೆ ಆಯ್ತು. ನನ್ನ ಆಡಿನದ್ದೇ ತಪ್ಪು, ನಾನು ಎಂತ ಹೇಳ್ಲಿ?"

ಮರುದಿನದಿಂದ ಮಧ್ಯಾಹ್ನ ಅಪ್ಪ ಮಲಗಿದ ಮೇಲೆ ಮನೋರಮಾ ಹೂವಿನ ಬುಟ್ಟಿಯಲ್ಲಿ ಚೆನ್ನಿಯನ್ನು ಕೂರಿಸಿ, ಮೇಲೆ ಬಾಳೆಲೆ ಮುಚ್ಚಿ ಹೊರಟಳು. ಮೊದಲ ದಿನ ಬೂದಿಯ ಗುಡ್ಡೆಯ ಹತ್ತಿರ ಬಿಟ್ಟಾಗ ಚೆನ್ನಿ ಬಹಳ ಹೊತ್ತು ಕದಲಲಿಲ್ಲ. ಮತ್ತೆ ಕತ್ತು ಚಾಚಿತು. ಸುಟ್ಟ ತುಟಿಯಿಂದ ಒಂದು ಮೊಟ್ಟೆಸಿಪ್ಪೆಯನ್ನು ಮೆಲ್ಲಗೆ ಮುಟ್ಟಿ ನೋಡಿ ಕಚ್ಚಿತು. ಆ ಸಣ್ಣ ಸದ್ದು ಕೇಳಿ ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎರಡನೆಯ ವಾರದಲ್ಲಿ ಅಪ್ಪ ಒಮ್ಮೆ ಜಗಲಿಯಲ್ಲೇ ಎದುರಾದರು. "ಎಲ್ಲಿಗೆ, ಈ ಬಿಸಿಲಿಗೆ?"

"ಹೂವಿಗೆ ಅಪ್ಪಾ."

ಅದನ್ನು ಕೇಳಿದ ಶಹರ್ಬಾನು, "ಸುಳ್ಳು ಹೇಳ್ಲಿಕ್ಕೂ ಕಲಿತೆಯಾ? ಪರವಾಗಿಲ್ಲ, ಇನ್ನು ಮದುವೆ ಮಾಡ್ಬಹುದು," ಎಂದು ತನ್ನ ಅಂಗಳದ ಅಬ್ಬಲಿಗೆಯನ್ನು ಬೊಗಸೆ ತುಂಬ ಕೊಯ್ದು ಬುಟ್ಟಿಗೆ ಹಾಕಿದಳು. ಅಲ್ಲಿಂದ ಮುಂದೆ ದಿನವೂ ಚೆನ್ನಿ ಅಬ್ಬಲಿಗೆಯ ಕೆಳಗೆ ಕೂತು ಮನೆಗೆ ಬರುತ್ತಿತ್ತು. ಆ ಹೂವನ್ನೇ ಅಪ್ಪ ದೇವರಿಗೆ ಏರಿಸುತ್ತಿದ್ದರು.

ನವರಾತ್ರಿಯ ಹೊತ್ತಿಗೆ ಚೆನ್ನಿ ಹಿಂಗಾಲು ಊರಿ ನಡೆಯತೊಡಗಿತು. ಮಾಸ್ತರರಿಗೆ ಎಲ್ಲಿಲ್ಲದ ಉತ್ಸಾಹ. "ನೋಡಿದೆಯಾ, ಸೀಯಾಳದ ನೀರು ಮತ್ತು ಎಳೆಬಿಸಿಲು. ಆ ಡಾಕ್ಟ್ರನಿಗೆ ಎಂತ ಗೊತ್ತುಂಟು?" ಮನೋರಮಾ ಹ್ಞೂಂ ಎನ್ನುತ್ತಿದ್ದಳು. ಒಳಗೆ ಹೆದರಿಕೆಯಿತ್ತು. ಅಪ್ಪನಿಗೆ ಗೊತ್ತಾದ ದಿನ ಬುಟ್ಟಿಯ ತಿರುಗಾಟ ನಿಲ್ಲುತ್ತದೆ. ಅದು ನಿಂತರೆ ಚೆನ್ನಿಯೂ ಪುಟ್ಟನ ಪಕ್ಕಕ್ಕೆ.

ವಿಜಯದಶಮಿಯ ಮರುದಿನ ಮಿಜಾರಿನ ಮಹಾಲಿಂಗೇಶ್ವರ ಭಟ್ಟರು ಬಂದರು. ಅಪ್ಪನ ಸೋದರಸಂಬಂಧಿ, ಊರಿಡೀ ಪೌರೋಹಿತ್ಯಕ್ಕೆ ತಿರುಗುವವರು. ಶಹರ್ಬಾನುವಿನ ಹಿತ್ತಿಲಿನಲ್ಲಿದ್ದ ಮನೋರಮಾಳಿಗೆ ಗೋಡೆಯಾಚೆಯಿಂದ ಅವರ ದೊಡ್ಡ ಸ್ವರ ಕೇಳಿಸಿತು. ಅಪ್ಪ ಎದ್ದಿದ್ದಾರೆ. ಕಾಫಿಗೆ ಕರೆಯುತ್ತಾರೆ. ಗಾಬರಿಯಲ್ಲಿ ಚೆನ್ನಿಯನ್ನು ಬುಟ್ಟಿಗೆ ಹಾಕಿಕೊಂಡು, ಹೂವನ್ನೂ ಬಿಟ್ಟು ಓಣಿಯಲ್ಲಿ ಓಡಿದಳು. ಹಿಂಬಾಗಿಲಿನಿಂದ ಅಂಗಳಕ್ಕೆ ಬಂದು ಆಮೆಯನ್ನು ಗೂಡಿನ ಹತ್ತಿರ ಬಿಟ್ಟು ಅಡುಗೆಮನೆಗೆ ನುಗ್ಗಿದಳು. ಬಾಯಿ ತೊಳೆಯಲಿಲ್ಲ ಎಂದು ನೆನಪಾಗುವಾಗ ಹಾಲು ಉಕ್ಕುತ್ತಿತ್ತು.

ಕಾಫಿ ಹಿಡಿದು ಅವಳು ಜಗಲಿಗೆ ಬರುವಾಗ ಅಪ್ಪ ಚೆನ್ನಿಯನ್ನು ಎತ್ತಿ ತಂದು ಭಟ್ಟರ ಎದುರು ಇಟ್ಟಾಗಿತ್ತು.

"ಮೂವತ್ತು ವರ್ಷ ಭಟ್ಟರೇ. ನೈವೇದ್ಯ ಬಿಟ್ಟು ಬೇರೆ ತುತ್ತಿಲ್ಲ."

"ಪುಣ್ಯದ ಜೀವ," ಎಂದು ಭಟ್ಟರು ಬಗ್ಗಿದರು. ಇನ್ನೂ ಬಗ್ಗಿದರು. "ಬಾಯಲ್ಲಿ ಎಂತದು ಅದು, ಬಿಳಿ?"

ಚೆನ್ನಿಯ ಕೆಳತುಟಿಯ ಮೂಲೆಯಲ್ಲಿ ಉಗುರಿನಷ್ಟು ದೊಡ್ಡ ಸಿಪ್ಪೆಯ ಚೂರು ಅಂಟಿಕೊಂಡಿತ್ತು. ಹೊರಗೆ ನಸುಕಂದು, ಒಳಗೆ ಬಿಳಿ ಪೊರೆ. ಅದು ಏನೆಂದು ವಿಜ್ಞಾನ ಕಲಿಸಿದವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಪ್ಪ ಅದನ್ನೇ ನೋಡುತ್ತಿದ್ದರು. ಮನೋರಮಾ ಒಂದು ಹೆಜ್ಜೆ ಮುಂದೆ ಬಂದಳು. ಸುಣ್ಣದ ದಿನ ಸುಮ್ಮನಿದ್ದೆ, ಇವತ್ತು ಸುಮ್ಮನಿರಬಾರದು.

"ಅಪ್ಪಾ, ಅದು ನಾನು..."

"ಅವಲಕ್ಕಿ," ಎಂದರು ಮಾಸ್ತರರು. ಹೆಗಲಿನಿಂದ ಬೈರಾಸು ತೆಗೆದು ಚೆನ್ನಿಯ ತುಟಿಯನ್ನು ಒರೆಸಿ, ಆ ತುದಿಯನ್ನು ಒಳಗೆ ಮಡಚಿಕೊಂಡರು. "ಹಬ್ಬದ ಅವಲಕ್ಕಿ. ಕಾಫಿ ಕೊಡು, ತಣಿಯುತ್ತದೆ."

"ಹಾಗೆ ಹೇಳಿ! ಸಾತ್ವಿಕ ಆಹಾರದ ಫಲ ನೋಡಿ, ಎಂತ ಕಳೆ!" ಭಟ್ಟರು ಲೋಟ ತೆಗೆದುಕೊಂಡರು.

ಬೇರೆ ದಿನವಾಗಿದ್ದರೆ ಅಪ್ಪ ಇಲ್ಲಿ ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದರು. ಇವತ್ತು ಹೆಬ್ಬೆರಳಿನಿಂದ ಚೆನ್ನಿಯ ಬೆನ್ನನ್ನು ಒತ್ತಿದರು. ಅದು ತಗ್ಗಲಿಲ್ಲ. ಇನ್ನೊಂದು ಕಡೆ ಒತ್ತಿದರು.

ಭಟ್ಟರು ಕೊಡೆ ಬಿಡಿಸಿಕೊಂಡು ಹೋದ ಮೇಲೆ ಮಾಸ್ತರರು ಬೈರಾಸಿನ ಮಡಿಕೆ ಬಿಚ್ಚಿ, ಆ ಚೂರನ್ನು ಅಂಗೈಯಲ್ಲಿಟ್ಟು ನೋಡುತ್ತ ಕೂತರು. ಮನೋರಮಾ ಬಾಗಿಲಿನ ಹತ್ತಿರವೇ ನಿಂತಿದ್ದಳು.

"ಇವತ್ತು ಹೂವು ಸಿಗ್ಲಿಲ್ಲವಾ?"

"ಇಲ್ಲ."

"ಹ್ಞೂಂ," ಎಂದರು.

ಮರುದಿನ ಅವಳು ಎದ್ದು ಬರುವಾಗ ಅಪ್ಪ ಮಲ್ಲಿಗೆ ಗಿಡದ ಸುತ್ತ ಬಿದಿರಿನ ಸೀಳು ಊರಿ, ಹಗ್ಗದಿಂದ ಬಿಗಿಯುತ್ತಿದ್ದರು. ಅದು ಮುಗಿದ ಮೇಲೆ ಬಾಳೆನಾರಿನ ಒಂದು ಎಳೆ ತೆಗೆದು, ಚೆನ್ನಿಯ ಬೆನ್ನಿನ ಅಡ್ಡಕ್ಕೆ ಹಿಡಿದು ಒಂದು ಗಂಟು ಹಾಕಿದರು. ನೆಲದಿಂದ ಬೆನ್ನಿನ ಎತ್ತರಕ್ಕೆ ಹಿಡಿದು ಇನ್ನೊಂದು ಗಂಟು. ಎಂಟು ಗಂಟೆಗೆ ಭೋಜ ಉಳಿ ಸುತ್ತಿಗೆ ಹಿಡಿದು ಬಂದ.

"ಇಲ್ಲಿ ಒಂದು ಕಂಡಿ ಆಗ್ಬೇಕು. ನೀರು ಹೋಗ್ಲಿಕ್ಕೆ," ಎಂದು ಅಪ್ಪ ಕೋಲಿನ ತುದಿಯನ್ನು ಗೋಡೆಯ ಬುಡಕ್ಕೆ ಇಟ್ಟರು. ಹುಡುಕಲಿಲ್ಲ, ಬಗ್ಗಿ ನೋಡಲೂ ಇಲ್ಲ. ಕೋಲು ಹೋಗಿ ಮುಟ್ಟಿದ್ದು ಗೀರು ಬಿದ್ದ ಕಲ್ಲನ್ನೇ.

ಭೋಜ ತಲೆ ತುರಿಸಿಕೊಂಡ. "ಮಳೆ ಮುಗೀತಲ್ಲ ಮಾಸ್ಟ್ರೇ. ಮತ್ತೆ ಆಚೆ ಬದಿ ಎತ್ತರ, ಈಚೆ ತಗ್ಗು. ನೀರು ಹತ್ತಿಕೊಂಡು ಹೋಗ್ತದಾ?"

"ಹೋಗ್ತದೆ. ಈ ಅಳತೆಗೆ ಸರಿಯಾಗಿ ಮಾಡು. ಅಂಚು ನುಣ್ಣಗಿರಬೇಕು."

ಭೋಜ ಬಾಳೆನಾರಿನ ಗಂಟುಗಳನ್ನು ತಿರುಗಿಸಿ ನೋಡಿದ. "ಇದೆಂತ ನೀರಪ್ಪಾ, ಅಂಗಿ ಹೊಲಿಸಿದ ಹಾಗೆ ಅಳತೆ ಕೊಡ್ಲಿಕ್ಕೆ!" ಎಂದವನು ಮಾಸ್ತರರ ಮುಖ ನೋಡಿ ಉಳಿ ಕೈಗೆತ್ತಿಕೊಂಡ.

ಗೋಡೆಯಾಚೆ ಕೋಳಿಗಳು ಗದ್ದಲ ಮಾಡಿದವು. ಕಲ್ಲಿನ ಕೊನೆಯ ಪದರ ಬಿದ್ದಾಗ ಕಂಡಿಯಲ್ಲಿ ಮೊದಲು ಬೆಳಕು, ಮತ್ತೆ ಒಂದು ಆಡುಮರಿಯ ಮೂತಿ, ಮತ್ತೆ ಅದನ್ನು ಹಿಂದಕ್ಕೆಳೆದ ಶಹರ್ಬಾನುವಿನ ಬಳೆಗೈ ಕಾಣಿಸಿತು. ಮಾಸ್ತರರು ಒಳಗೆ ಹೋಗಿ ಪೇಪರು ಬಿಡಿಸಿದರು. ಭೋಜ ಹೋಗಿ ಅಂಗಳ ಖಾಲಿಯಾದ ಮೇಲೆ ಚೆನ್ನಿ ಗೂಡಿನಿಂದ ಹೊರಟಿತು. ನೇರವಾಗಿ ನಡೆದು, ಕಂಡಿಯ ಅಂಚಿಗೆ ಒಮ್ಮೆ ಹಣೆ ತಾಗಿಸಿ, ದಾಟಿ ಹೋಯಿತು.

ಸಂಜೆ ದೇವರಿಗೆ ದೀಪ ಹಚ್ಚಿ ಬಂದ ಮನೋರಮಾ ಬಾವಿಕಟ್ಟೆಯ ಮೇಲೆ ಚೊಂಬು ಹುಡುಕಿದಳು. ಅದು ಅಲ್ಲಿರಲಿಲ್ಲ. ಅಂಗಳದ ಕಡೆಗೆ ತಿರುಗಿದವಳು ಬಾಗಿಲಿನ ಮರೆಗೆ ಸರಿದು ನಿಂತಳು.

ಅಪ್ಪ ಗೋಡೆಯ ಬುಡದಲ್ಲಿ ಸಣ್ಣ ಮಣೆಯೊಂದನ್ನು ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಚೊಂಬು. ಕಂಡಿಯಲ್ಲಿ ಮೊದಲು ಚೆನ್ನಿಯ ತಲೆ ಕಾಣಿಸಿತು. ಮತ್ತೆ ಚಿಪ್ಪು ಕಲ್ಲಿಗೆ ಸವರಿದ ಸದ್ದು, ಗಟ್ಟಿ ಸದ್ದು. ಈಚೆ ಬಂದು ಅದು ಅವರ ಕಾಲಿನ ಹತ್ತಿರ ನಿಂತಿತು. ಬಾಯಿಯ ಸುತ್ತ ಬೆಳ್ಳಗೆ ಪುಡಿ.

"ಬಂದ್ಲಾ?" ಗೋಡೆಯಾಚೆಯಿಂದ ಶಹರ್ಬಾನು ಕೇಳಿದಳು. ಕೂತಿರುವುದು ಮನೋರಮಾ ಎಂದು ಅವಳ ಲೆಕ್ಕ.

ಅಪ್ಪ ಮನೆಯ ಕಡೆಗೊಮ್ಮೆ ತಿರುಗಿ ನೋಡಿದರು. ಯಾರೂ ಕಾಣಲಿಲ್ಲ. ತರಗತಿಯ ಒಳಗೆ ಹೋಗುವ ಮೊದಲು ಮಾಡುತ್ತಿದ್ದ ಹಾಗೆ ಗಂಟಲು ಸರಿಮಾಡಿಕೊಂಡರು.

"ಬಂದ್ಲು."

ಆಚೆ ಹಿಡಿಸೂಡಿಯಲ್ಲಿ ಅಂಗಳ ಗುಡಿಸುವುದು ಮೆಲ್ಲಗೆ ಕೇಳತೊಡಗಿತು.

ಅಪ್ಪ ಬೈರಾಸಿನ ತುದಿಯನ್ನು ಚೊಂಬಿಗೆ ಅದ್ದಿ, ಎಡಗೈಯಿಂದ ಚೆನ್ನಿಯ ಗಲ್ಲ ಎತ್ತಿ ಹಿಡಿದು, ಬಾಯಿಯ ಒಂದು ಮೂಲೆ, ಮತ್ತೊಂದು ಮೂಲೆ ಒರೆಸಿದರು. ಚೊಂಬಿನಲ್ಲಿ ಉಳಿದ ನೀರನ್ನು ಮಲ್ಲಿಗೆಯ ಬುಡಕ್ಕೆ ಹಾಕಿದರು.